ಬ್ರಹ್ಮಗಿರಿಯ ಬಂಡೆಯೂ ಹೊಸ ವಿದ್ಯಾರ್ಥಿಯೂ

(ಈ ವರ್ಷ ಕಾಲೇಜು ಸೇರಿದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಲೇಜಿನ ಮೆಟ್ಟಿಲು ಹತ್ತದ ನಾವು ಕಾಲೇಜು ಸೇರಿದ ನಿಮಗೆ ಬುದ್ಧಿ ಹೇಳಲು ನಿಂತಿರುವುದು ವಿಚಿತ್ರವೆನಿಸಬಹುದು. ನಮ್ಮ ಓದು ಮೆಟ್ರಿಕ್‌ಗೇ ನಿಂತಿತು. ಆಮೇಲೆ ಹಳ್ಳಿಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಪಾಠ ಹೇಳಿದೆವು. ಅಲ್ಲಿ ನಾವು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲೆಂದೇ ಈ ದಿನ ಬಂದಿದ್ದೇವೆ.

ಪ್ರತಿ ವರ್ಷವೂ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, “ಮುಂದೆ ಏನಾಗುತ್ತೀಯೆ?” ಎಂದು ಕೇಳುತ್ತಿದ್ದೆವು. ಡಾಕ್ಟರು, ಕಲೆಕ್ಟರು ಎಂದವರಿಗೆ ಚಪ್ಪಾಳೆ ತಟ್ಟಿಸುತ್ತಿದ್ದೆವು. ಹಾಗೆ ಚಪ್ಪಾಳೆ ಪಡೆದ ಹಟ್ಟಿಯ ಹುಡುಗನೊಬ್ಬ ಮುಂದೆ ಕಾಲೇಜಿಗೂ ಸೇರಿದ. ಮಳೆ ಬಿದ್ದು ಹೊಲ ಹದವಾದಾಗ ಶೇಂಗಾ ಬಿತ್ತನೆಗೆಂದು ಹದಿನೈದು ದಿನ ಊರಲ್ಲಿ ಉಳಿದ. ತಿರುಗಿ ಬಂದಾಗ ಇಂಗ್ಲಿಷ್ ಪಾಠ ಎಲ್ಲಿಗೋ ಹೋಗಿತ್ತು. ಕೇಳಲು ನಾಚಿಕೆ. ಒಂದು ದಿನ ತಪ್ಪಿಸಿದ, ಒಂದು ವಾರ ತಪ್ಪಿಸಿದ, ಕೊನೆಗೆ ಹಾಜರಿಯೇ ಸಾಲದೆ ಹೋಯಿತು. ಈಗ ಬೆಂಗಳೂರಿನಲ್ಲಿ ರಾತ್ರಿ ಕಾವಲು ಕಾಯುತ್ತಾನೆ. ಜಾತ್ರೆಯಲ್ಲಿ ಸಿಕ್ಕಿದಾಗ, “ಮೇಷ್ಟ್ರೇ, ನಾನು ಓದೋಕೆ ಲಾಯಕ್ಕಲ್ಲ ಅಂತ ಗೊತ್ತಾಗೋಯ್ತು” ಎಂದ.

ಮಿತ್ರರೆ, ಕಾವಲು ಕೆಲಸ ಕೀಳಲ್ಲ. ಆದರೆ ‘ಲಾಯಕ್ಕಲ್ಲ’ ಎಂಬ ಆ ಮಾತು ಸುಳ್ಳು. ಬೆಟ್ಟದ ತುದಿಯನ್ನು ತೋರಿಸಿದ ನಾವು ಅವನಿಗೆ ಮೊದಲ ಮೆಟ್ಟಿಲು ತೋರಿಸಲಿಲ್ಲ. ಜಾರಿದವನು ಮತ್ತೆ ಹತ್ತಬಹುದೆಂದೂ ಹೇಳಲಿಲ್ಲ.

ಅದನ್ನು ಹೇಳುವ ಬಂಡೆಯೊಂದು ನಮ್ಮ ನೆಲದಲ್ಲೇ ಇದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಪರೀಕ್ಷೆಗಾಗಿ ನಾವೆಲ್ಲ ಊರುಗಳ ಹೆಸರನ್ನು ಬಾಯಿಪಾಠ ಮಾಡುತ್ತೇವೆ. ಅದರಲ್ಲಿ ಏನಿದೆಯೆಂದು ಕೇಳುವುದಿಲ್ಲ. ಬ್ರಹ್ಮಗಿರಿಯ ಶಾಸನದಲ್ಲಿ ಆ ದೊರೆ ತನ್ನ ವಿಷಯ ಹೇಳಿಕೊಂಡಿದ್ದಾನೆ: ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಅದರಲ್ಲಿ ಒಂದು ವರ್ಷ ತಾನು ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಸಂಘವನ್ನು ಸೇರಿಕೊಂಡ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಶ್ರಮಿಸಿದ್ದೇನೆ, ಎಂದು. ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಕ್ಕುತ್ತದೆ ಎಂದೂ ಕೆತ್ತಿಸಿದ್ದಾನೆ. ಚಕ್ರವರ್ತಿಯೊಬ್ಬ ತಾನು ಕಳೆದ ಒಂದು ವರ್ಷವನ್ನು ಬಂಡೆಯ ಮೇಲೆ ಬರೆಸಲು ನಾಚಲಿಲ್ಲ. ಹದಿನೈದು ದಿನದ ಪಾಠ ತಪ್ಪಿದ್ದಕ್ಕೆ ನೀವೇಕೆ ನಾಚಬೇಕು?

ಆದ್ದರಿಂದ ಗುರಿಯನ್ನು ದೊಡ್ಡದಾಗಿ ಇಟ್ಟುಕೊಳ್ಳಿ, ಆದರೆ ದಿನದ ಅಳತೆಗೆ ಇಳಿಸಿಕೊಳ್ಳಿ. ಮೊಳಕಾಲ್ಮೂರಿನ ರೇಷ್ಮೆ ಮಗ್ಗವನ್ನು ನೋಡಿ. ನೇಕಾರ ಸೀರೆಯನ್ನು ಒಂದೇ ಏಟಿಗೆ ನೇಯುವುದಿಲ್ಲ; ಲಾಳಿ ಒಮ್ಮೆ ಹಾಯ್ದರೆ ಒಂದು ಎಳೆ. ಎಳೆ ಕಡಿದರೆ ಮಗ್ಗ ಬಿಟ್ಟು ಓಡುವುದೂ ಇಲ್ಲ. ಗಂಟು ಹಾಕಿ ಮುಂದುವರಿಯುತ್ತಾನೆ. ‘ಇಂಗ್ಲಿಷ್ ಕಲಿಯುತ್ತೇನೆ’ ಎಂಬುದು ಆಸೆ. ‘ಇಂದು ರಾತ್ರಿ ಒಂದು ಪುಟ ಓದಿ, ತಿಳಿಯದ ಐದು ಮಾತುಗಳ ಅರ್ಥ ಬರೆದುಕೊಳ್ಳುತ್ತೇನೆ’ ಎಂಬುದು ಗುರಿ. ಡಿಗ್ರಿಗೆ ಮೂರು ವರ್ಷ, ಆರು ಸೆಮಿಸ್ಟರು. ಮೊದಲ ಸೆಮಿಸ್ಟರಿಗೆ ಮೂರೇ ಗುರಿ ಸಾಕು: ಹಾಜರಿ ಉಳಿಸಿಕೊಳ್ಳುವುದು, ಕಷ್ಟವಾದ ಒಂದು ವಿಷಯವನ್ನು ದಿನಾ ಮುಟ್ಟುವುದು, ವಿದ್ಯಾರ್ಥಿವೇತನದ ಅರ್ಜಿಯನ್ನು ಗಡುವಿಗೆ ಮುಂಚೆ ಹಾಕುವುದು. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಿ. ದುಡ್ಡಿಲ್ಲದೆ ಹುಮ್ಮಸ್ಸು ಬಹಳ ದಿನ ಬಾಳದು.

ಒಬ್ಬರೇ ಓದಬೇಡಿ. ಒಂದೇ ಬಸ್ಸಿನಲ್ಲಿ ಬರುವ ನಾಲ್ಕು ಜನ ಒಂದು ಗುಂಪಾಗಿ. ಬಿತ್ತನೆಗೋ, ಶೇಂಗಾ ಕೀಳುವುದಕ್ಕೋ ಒಬ್ಬರು ನಿಂತರೆ ಉಳಿದವರು ಅವರಿಗಾಗಿ ಟಿಪ್ಪಣಿ ಬರೆದಿಡಿ. ಎರಡು ದಿನ ಕಾಣದಿದ್ದರೆ ಫೋನು ಮಾಡಿ ಕೇಳಿ. ನಮ್ಮ ಹುಡುಗನಿಗೆ ಅಂಥ ಒಬ್ಬ ಗೆಳೆಯನಿದ್ದರೆ ಸಾಕಾಗಿತ್ತು.

ದೂರದ ದಾರಿಗೂ ನಮ್ಮಲ್ಲೇ ಗುರುತುಗಳಿವೆ. ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿ ಕುವೆಂಪು ಅವರಿಗೆ ಗುರುವಾದ ಟಿ. ಎಸ್. ವೆಂಕಣ್ಣಯ್ಯನವರು (1885–1939) ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಶಿಷ್ಯನು ತನ್ನ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅವರಿಗೇ ಅರ್ಪಿಸಿದ. ನಾಯಕನಹಟ್ಟಿಯ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅದರ ಬೇಲಿಯ ಹೊರಗೆ ಕುರಿ ಕಾಯುವವರ ಮಗಳು ಬೇಲಿಯೊಳಗಿನ ಪ್ರಯೋಗಶಾಲೆಗೆ ಹೋಗುವ ದಿನ ಬರಬೇಕು.

ತಾಯಿತಂದೆಯರೆ, ನಿಮಗೂ ಒಂದು ಮಾತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ಉಳಿಯಿತು. ಆದರೆ ಓದುವ ಹೊತ್ತನ್ನು ಉಳಿಸಿಕೊಡಬೇಕಾದವರು ನೀವು. ರಾತ್ರಿ ಒಂದು ಗಂಟೆ ಅವಳನ್ನು ಪಾತ್ರೆ ತೊಳೆಯಲು ಕರೆಯಬೇಡಿ. ಮೂರು ವರ್ಷ ಮದುವೆಯ ಮಾತು ಎತ್ತಬೇಡಿ.

ಇನ್ನು ನಾವು ಯಾರನ್ನೂ “ಮುಂದೆ ಏನಾಗುತ್ತೀಯೆ?” ಎಂದು ಕೇಳುವುದಿಲ್ಲ. “ಇವತ್ತು ಏನು ಓದಿದೆ? ನಾಳೆ ಬರುತ್ತೀಯಲ್ಲ?” ಎಂದು ಕೇಳುತ್ತೇವೆ. ಆ ಹುಡುಗನಿಗೂ ಹೇಳಿ ಕಳಿಸಿದ್ದೇವೆ: ದೂರಶಿಕ್ಷಣದ ದಾರಿ ಇನ್ನೂ ತೆರೆದಿದೆ, ಬಾರಪ್ಪ, ಎಂದು. ಅವನು ಬಂದರೆ ನಮ್ಮ ತಪ್ಪು ಅರ್ಧ ತೀರೀತು. ನೀವು ನಿಲ್ಲದೆ ನಡೆದರೆ ಉಳಿದರ್ಧವೂ ತೀರೀತು.