ಮಗುವಿನ ಉಸಿರು ಎಣಿಸೋಣ



ತುಂಗಭದ್ರೆಯ ದಡದ ನಮ್ಮ ಹೊನ್ನಾಳಿ ಸೀಮೆಯಲ್ಲಿ ಚಳಿ ಶುರುವಾದರೆ ಮನೆಮನೆಯಲ್ಲೂ ಮಕ್ಕಳ ಕೆಮ್ಮು, ಸೋರುವ ಮೂಗು. ರಾತ್ರಿಯಿಡೀ ನಿದ್ದೆಗೆಟ್ಟ ತಾಯಿ ಬೆಳಗಾಗುತ್ತಲೇ ಸಿರಪ್ ಹುಡುಕುವುದು ಸಹಜ. ಆದರೆ ನೆಗಡಿ ವೈರಸ್ಸಿನಿಂದ ಬರುವಂಥದ್ದು. ಸಾಮಾನ್ಯವಾಗಿ ವಾರ, ಹತ್ತು ದಿನಗಳಲ್ಲಿ ತಾನೇ ಇಳಿಯುತ್ತದೆ. ಅದನ್ನು ಓಡಿಸುವ ಸಿರಪ್ ಯಾವುದೂ ಇಲ್ಲ.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ, ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಆ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎಚ್ಚರಿಸಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಕೊಡಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ.

ಹಾಗಾದರೆ ಏನು ಮಾಡೋಣ? ಹಸುಗೂಸಿಗೆ ಪದೇಪದೇ ಎದೆಹಾಲು ಕೊಡೋಣ. ದೊಡ್ಡ ಮಗುವಿಗೆ ಗಂಜಿ, ಬೆಚ್ಚನೆಯ ನೀರು. ವರ್ಷ ದಾಟಿದವರಿಗೆ ಒಂದಿಷ್ಟು ಜೇನುತುಪ್ಪ. ಅದಕ್ಕೂ ಚಿಕ್ಕವರಿಗೆ ಜೇನು ಬೇಡವೇ ಬೇಡ. ಎಣ್ಣೆನೀರಿನ ಬಳಿಕ ಹಾಕುವ ಸಾಂಬ್ರಾಣಿ ಹೊಗೆ, ಒಲೆಯ ಹೊಗೆ, ಬೀಡಿಯ ಹೊಗೆ ಮಗುವಿನಿಂದ ದೂರವಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಮಗು ಅಳದೆ ಸುಮ್ಮನಿದ್ದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆಳೆದರೆ, ಮಗು ಹಾಲು ಕುಡಿಯದಿದ್ದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಎಣಿಸುವುದು ತಿಳಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಔಷಧಕ್ಕೆ ಅವಸರ ಬೇಡ, ಅಪಾಯ ಕಂಡಾಗ ತಡ ಬೇಡ. ನಮ್ಮ ಮಕ್ಕಳೆಲ್ಲ ಸುಖವಾಗಿ ಉಸಿರಾಡಲಿ.