ಬೆರೆತು ಬಾಳುವ ನೆರೆಹೊರೆ

ಸಿಂಗಪುರದ ಬಹುಪಾಲು ಜನರು ವಾಸಿಸುವುದು ಸರ್ಕಾರದ ವಸತಿ ಮಂಡಳಿ ಕಟ್ಟಿ, 99 ವರ್ಷಗಳ ಗುತ್ತಿಗೆಗೆ ಮಾರುವ ಫ್ಲ್ಯಾಟುಗಳಲ್ಲಿ. ಒಂದೊಂದು ಜನಾಂಗದವರು ಒಂದೊಂದು ಬಡಾವಣೆಯಲ್ಲಿ ಗುಂಪುಗೂಡುತ್ತಿರುವುದನ್ನು ಕಂಡ ಸರ್ಕಾರವು 1989ರಲ್ಲಿ ಜನಾಂಗೀಯ ಸಮ್ಮಿಳನ ನೀತಿಯನ್ನು, ಅಂದರೆ ಪ್ರತಿ ಕಟ್ಟಡದಲ್ಲಿ ಚೀನೀ, ಮಲಯ, ಭಾರತೀಯ ಮತ್ತಿತರ ಮೂಲದ ಕುಟುಂಬಗಳಿಗೆ ಗರಿಷ್ಠ ಮಿತಿ ವಿಧಿಸುವ ನಿಯಮವನ್ನು ಜಾರಿಗೆ ತಂದಿತು. ಒಂದೇ ಲಿಫ್ಟಿನಲ್ಲಿ ಏರಿಳಿಯುವ, ಒಂದೇ ಕಾರಿಡಾರಿನಲ್ಲಿ ಮಕ್ಕಳನ್ನು ಆಡಲು ಬಿಡುವ ನೆರೆಹೊರೆ ಹೀಗೆ ಉಳಿದುಕೊಂಡದ್ದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಚೀನೀಯರ ಮಿತಿ ತುಂಬಿದ ಕಟ್ಟಡದಲ್ಲಿ ಮಲಯ ಅಥವಾ ಭಾರತೀಯ ಮೂಲದ ಮಾಲೀಕರು ಚೀನೀಯರಿಗೆ ಮನೆ ಮಾರುವಂತಿಲ್ಲವಾದ್ದರಿಂದ, ಕೊಳ್ಳುವವರು ವಿರಳವಾಗಿ, ಬೆಲೆಯನ್ನೇ ಇಳಿಸಬೇಕಾಗುತ್ತದೆ. ಹೀಗೆ ಬಹುಕಾಲ ಮಾರಲಾಗದೆ ಉಳಿದ ಮನೆಗಳನ್ನು ಮಂಡಳಿಯೇ ಮರಳಿ ಕೊಳ್ಳಲು ಮುಂದಾದದ್ದು ಮೂರು ದಶಕಗಳ ನಂತರ, 2022ರಲ್ಲಿ.