ಗಡ್ಡೆ ಸುಡಲಿ, ಚರ್ಮ ಸುಡದಿರಲಿ



ಕಾವಲಿಯ ಮುಂದೆ ಆಯುಷ್ಯ ಸವೆಸುವ ನಮಗೆ ಸುಟ್ಟ ಗಾಯದ ವಿಷಯದಲ್ಲಿ ಭಾಷಣವೇ ಎಂದು ನೀವು ನಗಬಹುದು. ಎಣ್ಣೆ ಸಿಡಿದರೆ ಕೈ ಒರೆಸಿಕೊಂಡು ಮುಂದಿನ ದೋಸೆ ಹೊಯ್ಯುವವರು ನಾವು. ಆ ಅಭ್ಯಾಸವೇ ಒಂದು ಕಡೆ ನಮಗೆ ಕೇಡಾಗುತ್ತದೆ. ಅದನ್ನೇ ಇಂದು ಹೇಳಬೇಕಾಗಿದೆ.

ಲಿವರ್, ಮೂತ್ರಪಿಂಡ ಮುಂತಾದ ಕಡೆ ಎದ್ದ ಸಣ್ಣ ಗಡ್ಡೆಯನ್ನು ಈಗ ಕೆಲವರಿಗೆ ಹೊಟ್ಟೆ ಕೊಯ್ಯದೆ, ಸೂಜಿ ತೂರಿಸಿ, ಒಳಗೇ ಕಾಯಿಸಿ ಕೊಲ್ಲುತ್ತಾರೆ. ಯಾರಿಗೆ ಇದು ತಕ್ಕುದೆಂದು ವೈದ್ಯರೇ ಹೇಳಬೇಕು. ಕಲ್ಯಾಣ, ಡೊಂಬಿವಲಿಯ ನಮ್ಮವರಿಗೆ ಕ್ಯಾನ್ಸರ್ ಎಂದರೆ 1941ರಲ್ಲಿ ತೆರೆದ ಪರೇಲಿನ ಟಾಟಾ ಆಸ್ಪತ್ರೆಯೇ ನೆನಪಾಗುವುದು. ಅದೇ ಸಂಸ್ಥೆಯ ಕೇಂದ್ರ ನವಿ ಮುಂಬಯಿಯ ಖಾರಘರದಲ್ಲೂ ಇದೆ. ಥಾಣೆಯಲ್ಲಿ ಇಳಿದು ಪನವೇಲ್ ಗಾಡಿ ಹಿಡಿದರಾಯಿತು. ಚಿಕಿತ್ಸೆ ಎಲ್ಲಿಯೇ ಆಗಲಿ, ಎಚ್ಚರಿಕೆ ಒಂದೇ.

ರೇಡಿಯೋ ತರಂಗದ ವಿದ್ಯುತ್ತಿನಿಂದ ಕಾಯಿಸುವಾಗ, ಸೂಜಿಯಿಂದ ಒಳಹೊಕ್ಕ ವಿದ್ಯುತ್ತು ಹೊರಗೂ ಬರಬೇಕಷ್ಟೆ. ಅದಕ್ಕಾಗಿ ತೊಡೆಗಳಿಗೆ ಅಗಲವಾದ ಅಂಟುಪಟ್ಟಿಗಳನ್ನು ಹಚ್ಚುತ್ತಾರೆ. ಸೂಜಿಯ ತುದಿ ಸಣ್ಣದು. ಅಲ್ಲಿ ಶಾಖ 60 ಡಿಗ್ರಿ ದಾಟಿ ಗಡ್ಡೆ ಬೇಯುತ್ತದೆ. ಪಟ್ಟಿ ಅಗಲ, ಅಲ್ಲಿ ಶಾಖ ಹರಡಿಹೋಗುತ್ತದೆ. ಥಾಣೆ ನಿಲ್ದಾಣದ ಸೇತುವೆಯನ್ನೇ ನೋಡಿ. ಪೂರ್ತಿ ತೆರೆದಿದ್ದರೆ ಜನ ಹರಡಿ ಇಳಿಯುತ್ತಾರೆ. ಅರ್ಧ ಮುಚ್ಚಿದರೋ, ನೂಕುನುಗ್ಗಲು. ಪಟ್ಟಿಯ ಒಂದು ಮೂಲೆ ಎದ್ದರೂ ಹಾಗೆಯೇ: ಉಳಿದ ಜಾಗದಲ್ಲಿ ವಿದ್ಯುತ್ತು ದಟ್ಟೈಸಿ ಚರ್ಮ ಸುಡುತ್ತದೆ. ಸೂಜಿಯ ಕಡೆಗಿರುವ ಅಂಚು ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ. ಆದುದರಿಂದಲೇ ಎರಡು ತೊಡೆಗೂ ಸಮದೂರದಲ್ಲಿ, ಉದ್ದದ ಅಂಚು ಸೂಜಿಯತ್ತ ಇರುವಂತೆ ಹಚ್ಚುವುದು.

ಹಚ್ಚುವುದು ಅವರ ಕೆಲಸ. ನಮ್ಮ ಪಾಲಿನದೂ ಇದೆ. ಅಂದು ಮೈಗೆ ತೆಂಗಿನೆಣ್ಣೆ ಬೇಡ. ಎಣ್ಣೆ, ಬೆವರು, ಕೂದಲು ಇದ್ದಲ್ಲಿ ಪಟ್ಟಿ ಸರಿಯಾಗಿ ಕೂರದು. ತಾಳಿ, ಕಾಲುಂಗುರ, ಉಡಿದಾರದ ತಾಯಿತ ಎಲ್ಲ ಮನೆಯವರ ಕೈಯಲ್ಲಿರಲಿ. ತೊಡೆಯ ಮೇಲೆ ಬಿಸಿ ಸಾಂಬಾರು ಚೆಲ್ಲಿದ ಹಳೆಯ ಕಲೆ ನಮ್ಮಲ್ಲಿ ಎಷ್ಟು ಮಂದಿಗಿಲ್ಲ! ಕಲೆಯ ಮೇಲೆ ಪಟ್ಟಿ ಹಚ್ಚಬಾರದು, ತೋರಿಸಿ. ಗಿರಣಿಯಲ್ಲಿ ದುಡಿದ ಹಿರಿಯರೇ, ಮುರಿದ ಕಾಲಿಗೆ ಕಬ್ಬಿಣದ ಸರಳು ಹಾಕಿಸಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಮೊದಲೇ ತಿಳಿಸಿ. ಕೇಳಲಿಲ್ಲವಲ್ಲ ಎಂದು ಸುಮ್ಮನಿರಬೇಡಿ.

ಮೈಕ್ರೋವೇವ್ ವಿಧಾನಕ್ಕೆ ಈ ಪಟ್ಟಿ ಬೇಡ. ಆದರೆ ಗಡ್ಡೆ ಚರ್ಮದ ಹತ್ತಿರವಿದ್ದರೆ ಅಲ್ಲಿಯೂ ಅಪಾಯವುಂಟು. ಆಗ ಗಡ್ಡೆಗೂ ಚರ್ಮಕ್ಕೂ ನಡುವೆ ದ್ರವ ತುಂಬಿ ದೂರ ಮಾಡುತ್ತಾರೆ, ಮೇಲೆ ತಂಪು ಇಡುತ್ತಾರೆ. “ಡಾಕ್ಟರೇ, ಚರ್ಮ ಕಾಪಾಡಲು ಏನು ಮಾಡುತ್ತೀರಿ?” ಎಂದು ವಿನಯವಾಗಿ ಕೇಳಿದರೆ ಯಾರೂ ಮುನಿಯಬೇಕಾಗಿಲ್ಲ.

ಪೂರ್ತಿ ಮಂಪರು ಕೊಟ್ಟಿದ್ದರೆ ರೋಗಿಗೆ ಉರಿ ತಿಳಿಯದು, ನೋಡಬೇಕಾದವರು ಅವರೇ. ಎಚ್ಚರವಿದ್ದರೆ ಮಾತ್ರ, ತೊಡೆ ಚುರುಗುಟ್ಟಿದ ಕೂಡಲೇ ಹೇಳಿಬಿಡಿ. ಭಟ್ಟಿಯ ಮುಂದಿನ ಸಹನೆ ಅಲ್ಲಿ ಬೇಡ. ಅವರು ವಿದ್ಯುತ್ತು ನಿಲ್ಲಿಸಿ ಪಟ್ಟಿ ನೋಡಬಲ್ಲರು.

ಮುಗಿದ ಮೇಲೆ ತೊಡೆಯನ್ನೂ ಸೂಜಿ ಚುಚ್ಚಿದ ಜಾಗವನ್ನೂ ಮನೆಯವರು ನೋಡಲಿ. ಕೆಂಪಗಾಗಿ ಬೊಬ್ಬೆ ಎದ್ದರೆ ಒಡೆಯಬೇಡಿ. ನಮ್ಮ ಅಡುಗೆಮನೆಯ ಟೂತ್‌ಪೇಸ್ಟ್ ವೈದ್ಯವೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಿ. ಆ ದಿನದ ಪಾಳಿಯನ್ನು ಜೊತೆಗಾರರು ಹಂಚಿಕೊಂಡಾರು.